ನಲವತ್ತೇಳನೇ ಖಾನೆಯ ಬಯಲು

ಬಯಲನ್ನು ಮಡಿಸಿ ಎತ್ತಿಡಬಹುದು ಅಂತ ಗೊತ್ತಾದ ಮೇಲೆ ನಮ್ಮ ರಾಜ್ಯದಲ್ಲಿ ಜಗಳಗಳು ಅರ್ಧಕ್ಕರ್ಧ ಕಡಿಮೆಯಾದವು. ಅದಕ್ಕೆ ಮುಂಚಿನ ಕಾಲ ನೆನೆಸಿಕೊಂಡರೆ ಅಬ್ಬಬ್ಬಾ! ಹನ್ನೆರಡು ಕೋಟಿ ಜನ. ಮನೆ ಬೇಕು ಅನ್ನುವವರು ಒಂದು ಕಡೆ, ಹುಲ್ಲು ಉಳಿಯಲಿ ಅನ್ನುವವರು ಇನ್ನೊಂದು ಕಡೆ. ಗೋಮಾಳ, ಹುಲ್ಲಿನ ಕಾವಲು, ಗುಂಡುತೋಪು, ಕೆರೆಯಂಗಳ, ಎಲ್ಲದರ ಮೇಲೂ ಒಂದು ಬೋರ್ಡು, ಆ ಬೋರ್ಡನ್ನು ಕಿತ್ತು ಇನ್ನೊಂದು ಬೋರ್ಡು. ಮನೆ ಕೇಳಿದವರೇನು ಕೆಟ್ಟವರಲ್ಲ ನೋಡಿ, ಅವರಿಗೂ ಹೆಂಡತಿ ಮಕ್ಕಳನ್ನು ಎಲ್ಲಾದರೂ ಮಲಗಿಸಬೇಕಲ್ಲ. ಹುಲ್ಲು ಕೇಳಿದವರೂ ಹುಚ್ಚರಲ್ಲ. ಹೀಗಾಗಿ ಯಾರನ್ನು ಬೈಯಬೇಕು ಅಂತಲೇ ತಿಳಿಯದೆ ಎಲ್ಲರೂ ಎಲ್ಲರನ್ನೂ ಬೈಯುತ್ತಿದ್ದರು.

ಆಗ ಬಂದದ್ದು ಮಡಿಕೆ ಯಂತ್ರ. ಅದರ ಒಳಗುಟ್ಟು ನನಗೂ ಪೂರ್ತಿ ತಿಳಿಯದು, ತಿಳಿದಷ್ಟು ಹೇಳುತ್ತೇನೆ. ಕಾಗದದ ಮೇಲೆ ಇರುವೆ ಹರಿದಾಡುವಾಗ ಕಾಗದವನ್ನು ಮೆಲ್ಲಗೆ ಮಡಿಸಿದರೆ ಇರುವೆಗೆ ಗೊತ್ತಾಗುವುದಿಲ್ಲ. ಅದರ ಪಾಲಿಗೆ ಕಾಗದ ಎಷ್ಟುದ್ದ ಇತ್ತೋ ಅಷ್ಟೇ ಉದ್ದ. ಉದ್ದ, ಅಗಲ, ಎತ್ತರ ಮೂರನ್ನೂ ಬಿಟ್ಟು ಇನ್ನೊಂದು ದಿಕ್ಕು ಇದೆಯಂತೆ. ಆ ದಿಕ್ಕಿಗೆ ನೆಲವನ್ನು ಮಡಿಸುತ್ತಾ ಹೋದರೆ ಇನ್ನೂರು ಎಕರೆ ಕಾವಲು, ಹುಲ್ಲು, ಹಕ್ಕಿ, ಮೇಲಿನ ಒಂದು ಪದರ ಆಕಾಶದ ಸಮೇತ, ಮೊಳದುದ್ದದ ತೆಳ್ಳನೆ ಪಟ್ಟಿಯಾಗಿ ಕೈಗೆ ಬರುತ್ತದೆ. ಕೆಳಗೆ ಉಳಿದ ಬರಿನೆಲದಲ್ಲಿ ಬೇಕಾದಷ್ಟು ಮನೆ ಕಟ್ಟಿಕೊಳ್ಳಿ! ಒಳಗೆ ಹೊತ್ತು ಮಾತ್ರ ನಿಧಾನ. ನಮಗೆ ಒಂದು ವರ್ಷ ಕಳೆದರೆ ಅಲ್ಲಿ ಒಂದು ಮಧ್ಯಾಹ್ನ ಸಂಜೆಯಾಗುತ್ತದೆ.

ಬಯಲೂ ಉಳಿಯಿತು, ಮನೆಯೂ ಆಯಿತು ಅಂತ ಜನ ನೆಮ್ಮದಿಯ ಉಸಿರು ಬಿಟ್ಟರು.

ಈ ಪಟ್ಟಿಗಳನ್ನು ಇಟ್ಟಿದ್ದ ಸಂಗ್ರಹಾಲಯಗಳಲ್ಲಿ ಒಂದು ಚಿತ್ರದುರ್ಗದ ಪೂರ್ವಕ್ಕಿತ್ತು. ಒಂದು ಕಾಲಕ್ಕೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲೇ ಇದ್ದ ಸೀಮೆ ಅದು. ಈಗ ಇಪ್ಪತ್ತೈದು ಅಂತಸ್ತಿನ ವಸತಿಗಳ ನಡುವೆ ತಣ್ಣಗೆ ಕೂತ ಒಂದು ಕಟ್ಟಡ, ಅದರ ಗೋಡೆ ತುಂಬ ನೂರಾ ಹನ್ನೆರಡು ಖಾನೆ, ಒಂದೊಂದು ಖಾನೆಯಲ್ಲಿ ಒಂದೊಂದು ಬಯಲು. ಸುಗುಣ ಅಲ್ಲಿ ಆಲಿಸುವ ಕೆಲಸದಲ್ಲಿದ್ದಳು. ಕೇಳಿದರೆ ನಗುತ್ತೀರಿ. ಪ್ರತಿ ಬಯಲಿನ ಪಡುವಣ ತುದಿಯಲ್ಲೊಂದು, ಮೂಡಣ ತುದಿಯಲ್ಲೊಂದು ಮೈಕು. ವಾರವಿಡೀ ಕೂಡಿದ ಸದ್ದನ್ನು ಯಂತ್ರ ಏಳು ನಿಮಿಷಕ್ಕೆ ಇಳಿಸಿ ಕೊಡುತ್ತಿತ್ತು. ಸುಗುಣ ದಿನಕ್ಕೆ ಇಪ್ಪತ್ತು ಖಾನೆಯ ಮುಂದೆ ಸ್ಟೂಲು ಹಾಕಿಕೊಂಡು, ಕಿವಿಗೆ ಕೊಳವೆ ಸಿಕ್ಕಿಸಿ, ಕಣ್ಣು ಮುಚ್ಚಿ, ಆ ಏಳೇಳು ನಿಮಿಷ ಕೇಳಬೇಕು. ಎಲ್ಲ ಸರಿಯಿದ್ದರೆ ಸರಿಯಿದೆ ಅಂತ ಬರೆಯಬೇಕು.

ಹದಿಮೂರು ವರ್ಷದಲ್ಲಿ ಅವಳಿಗೆ ಒಂದು ಬಯಲಿನ ಗಾಳಿ ಇನ್ನೊಂದರ ಗಾಳಿಯಂತೆ ಕೇಳುವುದಿಲ್ಲ ಅನ್ನುವುದು ಗೊತ್ತಾಗಿಹೋಗಿತ್ತು. ತಂಗಡಿ ಗಿಡ ಹೆಚ್ಚಿರುವ ಕಡೆ ಗಾಳಿ ತೊದಲುತ್ತದೆ. ಕರಡದ ಹುಲ್ಲಿನ ಮೇಲೆ ಅದು ಎಲ್ಲೂ ನಿಲ್ಲದೆ ಹರಿಯುತ್ತದೆ. ಒಮ್ಮೊಮ್ಮೆ ಕಿವಿಯ ಕೊಳವೆ ತೆಗೆದ ಮೇಲೂ ತಾನು ಎಲ್ಲಿದ್ದೇನೆ ಅಂತ ತಿಳಿಯಲು ಅವಳಿಗೆ ಅರೆಕ್ಷಣ ಬೇಕಾಗುತ್ತಿತ್ತು. ಆ ಅರೆಕ್ಷಣಕ್ಕೋಸ್ಕರವೇ ತಾನು ಈ ಕೆಲಸ ಬಿಟ್ಟಿಲ್ಲ ಅಂತ ಗಂಡ ತಿಪ್ಪೇಶನ ಹತ್ತಿರ ಹೇಳಿಕೊಂಡಿದ್ದಳು. ಅವನು, "ನನ್ ಹೆಂಡ್ತಿಗೆ ಸರ್ಕಾರ ಕನಸು ಕಾಣೋಕೆ ಸಂಬಳ ಕೊಡ್ತದೆ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಹೀಗಿರುವಾಗ ಒಂದು ಮಂಗಳವಾರ ನಲವತ್ತೇಳನೇ ಖಾನೆ ಹಾದಿ ತಪ್ಪಿತು.

ಅದು ಹುಲ್ಲೇಹಟ್ಟಿ ಕಾವಲು, ಮಡಿಸಿ ಮೂವತ್ತೊಂದು ವರ್ಷ, ಅಂದರೆ ಒಳಗೆ ಒಂದು ವಾರವಾಗಿತ್ತಷ್ಟೆ. ಗಾಳಿ ಎಂದಿನಂತೆ ಪಡುವಣದಿಂದ ಹೊರಟಿತು. ಹುಲ್ಲನ್ನು ಸರ್ರನೆ ಬಾಗಿಸುತ್ತಾ ಬಾಗಿಸುತ್ತಾ ನಡುವಿಗೆ ಬಂತು, ಅಲ್ಲೇ ನಿಂತುಹೋಯಿತು. ಮೂಡಣ ಮೈಕಿನಲ್ಲಿ ಗಾಳಿಯೇ ಇಲ್ಲ. ಅದರ ಬದಲು ಒಂದು ಕೃಷ್ಣಮೃಗದ ಮರಿ ಕೂಗುತ್ತಿತ್ತು. ಈಚೆಯ ಮೈಕಿನಲ್ಲಿ ತಾಯಿ ಕರೆಯುತ್ತಿತ್ತು. ತಾಯಿ ಕರೆದದ್ದು ಮರಿಗೆ ಕೇಳುತ್ತಿಲ್ಲ, ಮರಿ ಕೂಗಿದ್ದು ತಾಯಿಗೆ ಕೇಳುತ್ತಿಲ್ಲ, ಎರಡೂ ಕೇಳುತ್ತಿರುವುದು ಇಲ್ಲಿ ಸ್ಟೂಲಿನ ಮೇಲೆ ಕೂತ ಸುಗುಣಳಿಗೆ ಮಾತ್ರ. ಮೂರು ಸಲ ಕೇಳಿದಳು. ಮೂರು ಸಲವೂ ಅದೇ.

ಸಂಗ್ರಹಾಲಯದ ಮುಖ್ಯಸ್ಥರು ಪಟ್ವೇಗಾರ್ ಸಾಹೇಬರು, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವರು, ಮೆತ್ತನೆ ಮಾತಿನವರು. ಇಬ್ಬರೂ ಸೇರಿ ಪಟ್ಟಿಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರು. ಕಾವಲಿನ ನಟ್ಟನಡುವೆ, ಮಡಿಕೆ ಬೀಳುವ ಕಡೆ, ಒಂದು ಗೆರೆ. ಕಪ್ಪಲ್ಲ, ಬಿಳಿಯಲ್ಲ. ಅಲ್ಲಿ ಏನೂ ಇರಲಿಲ್ಲ. ಗೆರೆಯ ಈಚೆಯ ಹುಲ್ಲು ಈಚೆಗೇ ಮುಗಿದಿತ್ತು, ಆಚೆಯದು ಆಚೆಯಿಂದಲೇ ಶುರುವಾಗಿತ್ತು.

"ಇದೇನ್ ಸಾರ್ ಇದು?"

"ನನಗೆ ಗೊತ್ತಿಲ್ಲಮ್ಮ" ಅಂದರು ಸಾಹೇಬರು. ಮೇಲಧಿಕಾರಿಯೊಬ್ಬ ಹಾಗೆ ನೇರ ಗೊತ್ತಿಲ್ಲ ಅಂದದ್ದನ್ನು ಸುಗುಣ ಅದೇ ಮೊದಲು ಕೇಳಿದ್ದು. "ಪ್ರತಿ ವರ್ಷ ಅಂಗಳದಲ್ಲಿ ನಾಲ್ಕು ಮಡಿಕೆ ಸಡಿಲ ಮಾಡಿ, ನೋಡಿ, ಮತ್ತೆ ಮಡಿಸಿ ಇಡ್ತಾ ಬಂದಿದೀವಿ. ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡಿಲ್ಲ. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಸರ್ವೆ ಗೆರೆ ಹಿಡಿದೇ ಮಡಿಸಿದೀವಿ. ಇಲ್ಲದಿದ್ರೆ ದಾಖಲೆಗೆ ತಾಳೆ ಬೀಳೋಲ್ಲ."

ಆ ವಾರ ಇನ್ನೂ ಒಂಬತ್ತು ಖಾನೆಗಳಲ್ಲಿ ಗಾಳಿ ತುಂಡಾಯಿತು.

ಇದೇ ವಾರ ಮನೆಯಲ್ಲಿ ಹಬ್ಬ. ಯಾಕೆಂದರೆ ಹದಿನೆಂಟು ವರ್ಷ ಕಾದ ಮೇಲೆ ಲಾಟರಿಯಲ್ಲಿ ಅವರ ಹೆಸರು ಬಂದಿತ್ತು. ಬಂಡೆಬಯಲಿನಲ್ಲಿ ಆರುನೂರಾ ಹನ್ನೆರಡು ನೆಲಮನೆ, ನೆಲಕ್ಕೆ ತಾಗಿ ಕಟ್ಟುವ ಮನೆ! ಅದರಲ್ಲಿ ಮೂವತ್ತೆಂಟನೆಯದು ಸುಗುಣಳ ಅತ್ತೆ ಚೌಡಮ್ಮನ ಹೆಸರಿಗೆ. ಸೀಮೆಯಲ್ಲೆಲ್ಲ ಮಡಿಸದೆ ಉಳಿದ ಬಯಲು ಅದೊಂದೇ. ಮೇಲೆ ಎರಡಾಳು ಮಣ್ಣು, ಕೆಳಗೆಲ್ಲ ಒಂದೇ ಹಾಸುಬಂಡೆ. ಆ ಬಂಡೆಯಿಂದಾಗಿ ಯಂತ್ರಕ್ಕೆ ಅದು ಬಗ್ಗಿರಲಿಲ್ಲ. ಬಗ್ಗದಿದ್ದರೆ ಹೋಗಲಿ, ಹಾಗೇ ಮನೆ ಕಟ್ಟೋಣ ಅಂತ ಈಗ ತೀರ್ಮಾನವಾಗಿತ್ತು.

ಚೌಡಮ್ಮನಿಗೆ ಎಪ್ಪತ್ತನಾಲ್ಕು. ಮೊಳಕಾಲ್ಮೂರಿನ ನೇಕಾರರ ಮನೆ ಮಗಳು, ನೇಕಾರರ ಮನೆ ಸೊಸೆ. ಅವಳದು ಗುಂಡಿಮಗ್ಗ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಅವರಿದ್ದದ್ದು ಹತ್ತೊಂಬತ್ತನೇ ಅಂತಸ್ತಿನ ಎರಡು ಕೋಣೆಯಲ್ಲಿ. ಅಲ್ಲಿ ಗುಂಡಿ ತೋಡಿದರೆ ಕಾಲು ಹದಿನೆಂಟನೇ ಅಂತಸ್ತಿನವರ ಅಡುಗೆಮನೆಗೆ ಇಳಿಯುತ್ತದೆ. ಹಾಗಾಗಿ ಮಗ್ಗ ಬಿಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿ ಹದಿನೆಂಟು ವರ್ಷವಾಗಿತ್ತು. ಬೇರೆ ಮಗ್ಗ ಕೊಡಿಸುತ್ತೇನೆ, ಗುಂಡಿ ಬೇಕಾಗಿಲ್ಲದ್ದು, ಅಂತ ತಿಪ್ಪೇಶ ಎಷ್ಟು ಸಲ ಹೇಳಿದ್ದನೋ. "ನನ್ ಕಾಲಿಗೆ ಮಣ್ಣು ತಾಗ್ಬೇಕು ಕಣೋ, ಇಲ್ದಿದ್ರೆ ಕೈ ಓಡಲ್ಲ" ಅಂತ ಅವಳದು ಒಂದೇ ಮಾತು. ಅದು ಸೊಕ್ಕು ಅಂತ ಮಗ ಬೈಯುತ್ತಿದ್ದ. ಸುಗುಣಳಿಗೆ ಮಾತ್ರ ಅದು ಹಸಿವು ಅನಿಸುತ್ತಿತ್ತು.

ಹೆಸರು ಬಂದ ದಿನ ಚೌಡಮ್ಮ ಗೋಧಿ ಪಾಯಸ ಮಾಡಿ ಅಂತಸ್ತಿನ ಹನ್ನೆರಡು ಮನೆಗೂ ಕೊಟ್ಟುಬಂದಳು. ಬಂದವಳು ಅಡುಗೆಮನೆ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದು, "ಗುಂಡಿ ಇಷ್ಟಗಲ. ಬೆಳಕು ಎಡಗಡೆಯಿಂದ ಬರ್ಬೇಕು. ಕಿಟಕಿ ಎಲ್ಲಿಡ್ತಾರೋ ಕೇಳ್ಕೊಂಡ್ ಬಾರೇ ಸುಗುಣಾ" ಅಂದಳು. ಮನೆಯವರು ಆ ಚೌಕವನ್ನು ತುಳಿಯದೆ ಸುತ್ತಿಕೊಂಡು ಓಡಾಡಿದರು.

ಅದರ ಮುಂದಿನ ಭಾನುವಾರ ಚೌಡಮ್ಮ ಪೆಟ್ಟಿಗೆ ತೆಗೆದಳು. ದಸರೆ ಹತ್ತಿರ ಬಂದಾಗ ಪ್ರತಿ ವರ್ಷ ಮಾಡುವ ಕೆಲಸ ಇದು. ತಾನೇ ನೇಯ್ದ ರೇಷ್ಮೆ ಸೀರೆಗಳನ್ನು ಒಂದೊಂದೇ ಹೊರಗೆ ತೆಗೆದು, ಗಾಳಿಗೆ ಬಿಚ್ಚಿ ಹಾಸಿ, ಮತ್ತೆ ಮಡಿಸಿ ಇಡುವುದು. ಮನೆಯೊಳಗೆ ಪೂರಾ ಒಂದು ಸೀರೆ ಹಾಸುವಷ್ಟು ಉದ್ದದ ಜಾಗವೇ ಇಲ್ಲ. ಅದಕ್ಕೆ ಹೊರಗಿನ ಕಾರಿಡಾರಿನಲ್ಲಿ ಹಾಸುವುದು. ಅಕ್ಕಪಕ್ಕದವರೆಲ್ಲ ಬೈದುಕೊಂಡೇ, ಲುಂಗಿ ಎತ್ತಿಕೊಂಡು, ಸೀರೆಯ ಪಕ್ಕಕ್ಕೆ ಗೋಡೆಗೆ ಅಂಟಿಕೊಂಡು ದಾಟುತ್ತಿದ್ದರು.

ಸುಗುಣ ಒಂದು ತುದಿ ಹಿಡಿದಿದ್ದಳು, ಮನಸ್ಸು ನಲವತ್ತೇಳನೇ ಖಾನೆಯಲ್ಲಿತ್ತು. ಒಂದು ಹಸಿರು ಸೀರೆ ಮಡಿಸುವಾಗ ಹಳೇ ಗೆರೆ ಹಿಡಿದೇ ಮಡಿಸಲು ಹೋದಳು. ಚೌಡಮ್ಮ ಫಟ್ಟಂತ ಕೈಗೆ ಹೊಡೆದಳು.

"ಏನೇ ಮಾಡ್ತಿದೀಯಾ? ಮದುವೆಯಾಗಿ ಇಷ್ಟ್ ವರ್ಷ ಆಯ್ತು, ಸೀರೆ ಮಡಿಸೋಕ್ ಬರಲ್ವಾ ನಿನಗೆ?"

"ಯಾಕತ್ತೆ, ಇದೇ ಗೆರೆ ಇತ್ತಲ್ಲ."

"ಇತ್ತು, ಅದಕ್ಕೇ ಬೇಡ ಅಂದದ್ದು! ರೇಷ್ಮೆನ ಒಂದೇ ಮಡಿಕೇಲಿ ಇಟ್ರೆ ಆ ಗೆರೇಲಿ ಸೀಳಿಬಿಡ್ತೈತೆ. ನೋಡೋಕೆ ಚೆನ್ನಾಗೇ ಇರ್ತೈತೆ, ಒಂದಿನ ಉಡೋಕ್ ತೆಗೆದ್ರೆ ಕೈಗೆ ಎರಡು ತುಂಡು ಬರ್ತೈತೆ. ಪೂರ್ತಿ ಬಿಚ್ಚಬೇಕು, ಗಾಳಿ ಕುಡಿಸ್ಬೇಕು, ಗೆರೆ ಬದಲಾಯಿಸಿ ಮಡಿಸ್ಬೇಕು. ನಮ್ಮವ್ವ ನನಗೆ ಏಳು ವರ್ಷಕ್ಕೇ ಹೇಳ್ಕೊಟ್ಟಿದ್ಲು ಇದನ್ನ."

ಸುಗುಣ ಸೀರೆ ಹಿಡಿದುಕೊಂಡೇ ಕಾರಿಡಾರಿನ ನೆಲಕ್ಕೆ ಕುಸಿದು ಕೂತಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎಷ್ಟು ದೊಡ್ಡ ದೊಡ್ಡ ಓದು ಓದಿದವರು ಆ ಯಂತ್ರ ಮಾಡಿದ್ದರು! ಮನೆಯಲ್ಲಿ ಸೀರೆ ಮಡಿಸಿಟ್ಟ ಒಬ್ಬರೂ ಅವರಲ್ಲಿ ಇರಲಿಲ್ಲವೇ? ಇದ್ದರೂ ಸರ್ವೆ ಗೆರೆಯ ಮುಂದೆ ಬಾಯಿ ಬಿಡಲಿಲ್ಲವೇನೋ.

ಸೋಮವಾರ ಪಟ್ವೇಗಾರ್ ಸಾಹೇಬರು ಅವಳ ಮಾತು ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಎರಡು ದಿನ ಲೆಕ್ಕ ಹಾಕಿದರು, ಯಂತ್ರದಲ್ಲಿ ಹತ್ತು ಸಲ ಆಡಿಸಿ ನೋಡಿದರು. ಚೌಡಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪ್ರತಿ ಬಯಲನ್ನೂ ಮೂರ್ನಾಲ್ಕು ವರ್ಷಕ್ಕೊಮ್ಮೆ ಪೂರಾ ಬಿಚ್ಚಿ, ಒಂದೆರಡು ದಿನ ಹಾಸಿ, ಬೇರೆ ಗೆರೆಯಲ್ಲಿ ಮಡಿಸಿದರೆ ಎಷ್ಟು ಕಾಲವಾದರೂ ಏನೂ ಆಗುವುದಿಲ್ಲ. ಹಾಗೇ ಬಿಟ್ಟರೆ ಆರೇಳು ವರ್ಷದಲ್ಲಿ ನೂರಾ ಹನ್ನೆರಡೂ ಸೀಳಿಹೋಗುತ್ತವೆ.

"ಸರಿ ಸಾರ್, ಬಿಚ್ಚೋಣ ಹಾಗಾದ್ರೆ" ಅಂದಳು ಸುಗುಣ.

"ಎಲ್ಲಿ ಹಾಸ್ತೀಯಮ್ಮ?"

ಅವಳಿಗೆ ಅರ್ಥವಾಗಲಿಲ್ಲ. ಸಾಹೇಬರು ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತರು. ಎಲ್ಲ ಕಡೆ ಮನೆಗಳ ಕೆಂಪು ಚುಕ್ಕಿ. ಇನ್ನೂರು ಎಕರೆ ಬಯಲು ಹಾಸಲು ಇನ್ನೂರು ಎಕರೆ ಖಾಲಿ ನೆಲ ಬೇಕು. ಹಾಗೆ ಖಾಲಿಯಿದ್ದದ್ದು ಬಂಡೆಬಯಲು ಒಂದೇ. ಅದರಲ್ಲಿ ಮನೆಯೆದ್ದರೆ ಉಳಿದ ಯಾವ ಬಯಲನ್ನೂ ಇನ್ನು ಯಾವತ್ತೂ ಬಿಚ್ಚುವ ಹಾಗಿಲ್ಲ. ಸುಗುಣಳ ಕಣ್ಣ ಮುಂದೆ ಸೀಮೆಸುಣ್ಣದ ಚೌಕ ಬಂದು ನಿಂತಿತು.

"ವರದಿ ಆಲಿಸುವವರ ಕಡೆಯಿಂದ ಹೋಗ್ಬೇಕು. ನೀನು ಬರೆದ್ರೆ ನಾನು ಸಹಿ ಹಾಕ್ತೀನಿ, ಹಂಚಿಕೆ ರದ್ದಾಗುತ್ತೆ. ಪಟ್ಟಿಯಲ್ಲಿ ನಿಮ್ಮನೆ ಹೆಸರೂ ಇದೆ ಅಂತ ನನಗೆ ಗೊತ್ತಮ್ಮ. ಬರೀ ಅಂತ ನಾನು ಹೇಳೋಲ್ಲ, ಬೇಡ ಅಂತಾನೂ ಹೇಳೋಲ್ಲ."

ಅವಳು ಬರೆದಳು. ಅಂದೇ ಬರೆದಳು, ಒಂದು ದಿನ ತಡ ಮಾಡಿದರೆ ಬರೆಯಲಾರೆ ಅಂತ ಹೆದರಿ. ಆರುನೂರಾ ಹನ್ನೆರಡು ಹಂಚಿಕೆಯನ್ನೂ ರದ್ದು ಮಾಡಿ, ಬಂಡೆಬಯಲನ್ನು ಹಾಸುನೆಲ ಅಂತ ಖಾಯಂ ಘೋಷಿಸಬೇಕು ಅಂತ. ಕಡತ ಮೇಲಕ್ಕೆ ಹೋಯಿತು. ಮುಂದಿನ ಗುರುವಾರ ಆದೇಶ ಹೊರಡುವುದಿತ್ತು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಚೌಡಮ್ಮ ಮಂಚದ ಕೆಳಗಿನಿಂದ ಮಗ್ಗದ ಮರಗಳನ್ನು ಎಳೆದು ಒಂದೊಂದಕ್ಕೂ ಎಣ್ಣೆ ಸವರುತ್ತಿದ್ದಳು. ಮೊದಲು ಏನು ನೇಯುವುದು ಅಂತ ಮಗನ ಹತ್ತಿರ ಚರ್ಚೆ ನಡೆದಿತ್ತು. "ಸುಗುಣನಿಗೆ ಒಂದು ನವಿಲುಬಣ್ಣದ್ದು. ಪಾಪ, ಅವಳಿಗೆ ನನ್ ಕೈಯ್ಯಿಂದ ಒಂದೂ ನೇಯ್ದ್ ಕೊಟ್ಟಿಲ್ಲ ನಾನು. ಅವಳು ಬರೋ ಹೊತ್ತಿಗೆ ಮಗ್ಗ ಮಂಚದ ಕೆಳಗೆ ಸೇರಿತ್ತು" ಅನ್ನುವುದು ಸುಗುಣಳ ಕಿವಿಗೆ ಬಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದಾಗ ತಿಪ್ಪೇಶ, "ಕಣ್ಣೇನೇ ಹಿಂಗೆ ಕೆಂಪಾಗಿದೆ?" ಅಂದ. ಸೋಪು ಬಿತ್ತು ಅಂದಳು.

ಆದೇಶಕ್ಕೆ ಮೊದಲು ಒಂದು ಸಲ ಪ್ರಯೋಗ ಮಾಡಿ ತೋರಿಸಬೇಕು ಅಂತ ಮೇಲಿನಿಂದ ಬಂತು. ಸೋಮವಾರ, ಮಂಗಳವಾರ ಎರಡು ದಿನ ಬಂಡೆಬಯಲು ಬಳಸಿಕೊಳ್ಳಲು ಅನುಮತಿ. ಅದು ಚೌಡಮ್ಮನಿಗೆ ಹೇಗೆ ತಿಳಿಯಿತೋ, ಬೆಳಿಗ್ಗೆ ಎದ್ದವಳೇ ತಲೆ ಬಾಚಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ. ನನ್ ಸೈಟು ನಾನು ನೋಡ್ಬೇಡ್ವಾ?" ಬೇಡ ಅನ್ನಲು ಸುಗುಣಳಿಗೆ ಒಂದು ನೆಪವೂ ಸಿಗಲಿಲ್ಲ.

ಬಂಡೆಬಯಲು ಬೋಳಾಗಿ, ಬಿಸಿಲಿಗೆ ಬೂದುಬಣ್ಣವಾಗಿ ಬಿದ್ದಿತ್ತು. ಚೌಡಮ್ಮ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತು, ಹೆಬ್ಬೆರಳಿನಿಂದ ಕೆದಕಿ ನೋಡಿ, "ಗಟ್ಟಿ ಐತೆ, ಗುಂಡಿ ಕುಸಿಯಲ್ಲ" ಅಂದಳು. ಸುಗುಣ ಬೇರೆ ಕಡೆ ನೋಡಿದಳು.

ಯಂತ್ರದವರು ನಲವತ್ತೇಳನೇ ಖಾನೆಯ ಪಟ್ಟಿಯನ್ನು ಪಡುವಣ ಅಂಚಿನಲ್ಲಿಟ್ಟು ಬಿಚ್ಚತೊಡಗಿದರು. ಸದ್ದೇನೂ ಆಗಲಿಲ್ಲ. ಮೊದಲು ಒಂದು ವಾಸನೆ ಬಂತು, ಬಿಸಿಲಿಗೆ ಕಾದ ಹುಲ್ಲಿನದು, ಹಿಕ್ಕೆಯದು, ತಂಗಡಿ ಹೂವಿನದು. ಆಮೇಲೆ ನೆಲ ಬಂತು. ಒಂದರ ಹಿಂದೆ ಒಂದು ಮಡಿಕೆ ತೆರೆದುಕೊಳ್ಳುತ್ತಾ, ಹೊಂಬಣ್ಣದ ಹುಲ್ಲು ಅವರ ಕಾಲ ಬುಡದಿಂದ ಹೊರಟು ದೂರಕ್ಕೆ, ಇನ್ನೂ ದೂರಕ್ಕೆ ಹಾಸಿಕೊಂಡು ಹೋಯಿತು. ಅದರ ಮೇಲೆ ಅದರದೇ ಆಕಾಶವೂ ಬಂತು, ಮೂವತ್ತೊಂದು ವರ್ಷ ಹಳೆಯದು, ನಮ್ಮದಕ್ಕಿಂತ ಒಂದು ಛಾಯೆ ನೀಲಿ. ಎರಡು ಆಕಾಶ ಕೂಡಿದ ಕಡೆ ಒಂದು ಮೋಡ ಅರ್ಧ ಅಲ್ಲಿ ಅರ್ಧ ಇಲ್ಲಿ ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ನಿಂತು ಆಮೇಲೆ ಒಂದಾಯಿತು. ನೆಲಗುಬ್ಬಿಗಳು ಹುಲ್ಲಿನಿಂದ ಮೇಲೆದ್ದು ಹಾಡಲು ಶುರುಮಾಡಿದವು. ಅವುಗಳಿಗೆ ಇದು ಇನ್ನೂ ಅದೇ ವಾರದ ಇನ್ನೊಂದು ಬೆಳಿಗ್ಗೆ.

ಚೌಡಮ್ಮ ಕೈ ಮುಂದೆ ಚಾಚಿ, ಗೋಡೆಗಾಗಿ ತಡಕಾಡುವವಳ ಹಾಗೆ ಎರಡು ಹೆಜ್ಜೆ ಇಟ್ಟಳು. ಹದಿನೆಂಟು ವರ್ಷದಿಂದ ಅವಳ ಕಣ್ಣಿಗೆ ಎದುರಿನ ಕಟ್ಟಡಕ್ಕಿಂತ ದೂರದ್ದು ಏನೂ ಕಂಡಿರಲಿಲ್ಲ. ದೂರವನ್ನು ನೋಡುವುದೇ ಮರೆತಿತ್ತು. ಮೆಲ್ಲಗೆ ಅವಳ ಕಣ್ಣು ಹುಲ್ಲಿನ ಮೇಲೆ ನಡೆಯಲು ಕಲಿತವು, ಬಾರೆಗಿಡದವರೆಗೆ, ಅದರಾಚೆಯ ದಿಬ್ಬದವರೆಗೆ, ದಿಬ್ಬದಾಚೆಯ ಮಬ್ಬಿನವರೆಗೆ.

"ಅಯ್ಯೋ, ಇಷ್ಟ್ ದೊಡ್ಡದಿತ್ತಾ!" ಅಂದಳು.

ನಡುವಿನ ಗೆರೆ ಈಗ ಬರಿಗಣ್ಣಿಗೇ ಕಾಣುತ್ತಿತ್ತು. ಈಚೆ ತಾಯಿ ಕೃಷ್ಣಮೃಗ ನಿಂತಿತ್ತು. ಆಚೆ ಮರಿ ಇತ್ತು. ಗೆರೆಯ ಮೇಲೆ ಬಿಸಿಲು ಬಿತ್ತು, ಗಾಳಿ ಬೀಸಿತು. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಎರಡು ಅಂಚೂ ಒಂದಕ್ಕೊಂದು ಹತ್ತಿರ ಬರುತ್ತಾ ಬರುತ್ತಾ, ಗೆರೆ ಕೂದಲಾಯಿತು, ಕೂದಲೂ ಮಾಯವಾಯಿತು. ಪಡುವಣದಿಂದ ಹೊರಟ ಗಾಳಿ ಹುಲ್ಲನ್ನು ಬಾಗಿಸುತ್ತಾ ಎಲ್ಲೂ ನಿಲ್ಲದೆ ಮೂಡಣದವರೆಗೆ ಹೋಯಿತು. ಮರಿ ಓಡಿಬಂದು ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ಪಟ್ವೇಗಾರ್ ಸಾಹೇಬರು ಮುಖ ಆಚೆ ತಿರುಗಿಸಿಕೊಂಡು ಕೆಮ್ಮಿದರು.

ಮರುದಿನ ಮಡಿಸುವಾಗ ಚೌಡಮ್ಮನದೇ ಯಜಮಾನಿಕೆ. "ಆ ಕಲ್ಲು ಈ ಕಲ್ಲು ನೋಡ್ಬೇಡ್ರಪ್ಪ, ಮೂಲೆಯಿಂದ ಮೂಲೆಗೆ ಹಿಡೀರಿ! ಹಾಂ, ಹಂಗೆ. ಆ ಹಕ್ಕಿ ಗೂಡಿನ ಮೇಲೆ ಗೆರೆ ಬೀಳಿಸ್ಬೇಡ, ಪಕ್ಕಕ್ ತಗೋ" ಅಂತ ಇಂಜಿನಿಯರುಗಳನ್ನೆಲ್ಲ ಗದರಿಸಿದಳು. ಅವರು ಅಜ್ಜಿ ಹೇಳಿದ ಹಾಗೆ ಕೇಳಿದರು. ಬಯಲು ಮತ್ತೆ ಪಟ್ಟಿಯಾಯಿತು. ಬಂಡೆಬಯಲು ಮತ್ತೆ ಬೋಳು ನೆಲವಾಯಿತು.

ಎಲ್ಲರೂ ಸಾಮಾನು ಕಟ್ಟುತ್ತಿರುವಾಗ ಚೌಡಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದಳು.

"ಈ ನೆಲ ಇಲ್ದಿದ್ರೆ ಅವನ್ನೆಲ್ಲ ಹಾಸೋಕಾಗಲ್ಲ ಅಲ್ವಾ?"

"ಇಲ್ಲ ಅತ್ತೆ."

ಚೌಡಮ್ಮ ಹೆಬ್ಬೆರಳಿನಿಂದ ಮಣ್ಣನ್ನು ಮತ್ತೊಮ್ಮೆ ಕೆದಕಿದಳು. "ನನಗೆ ಬಲೇ ಆಸೆ ಇತ್ತು ಕಣೇ" ಅಂದಳು. "ಸಾಯೋದ್ರೊಳಗೆ ಒಂದ್ ಸೀರೆ. ಒಂದೇ ಒಂದು." ಮೂಗು ಒರೆಸಿಕೊಂಡಳು. "ಹೋಗ್ಲಿ ಬಿಡು. ನನ್ ಹೆಸರು ಹೊಡೆದ್ ಹಾಕು. ನಾನೇ ಕೊಟ್ಟೆ ಅಂತ ಬರ್ಕೋ."

ಸುಗುಣ ಆ ಹೆಸರು ಹೊಡೆದು ಹಾಕಿ ಆರು ದಿನವಾಗಿತ್ತು. ಅದನ್ನು ಹೇಳಿಬಿಟ್ಟರೆ ಅತ್ತೆ ಈಗ ಕೈಯಾರೆ ಕೊಟ್ಟದ್ದು ಕಿತ್ತುಕೊಂಡದ್ದಾಗಿಬಿಡುತ್ತದೆ. ಹೇಳದಿದ್ದರೆ ತಾನು ಜನ್ಮವಿಡೀ ಆ ಸುಳ್ಳಿನ ಜೊತೆ ಒಂದೇ ಮನೆಯಲ್ಲಿ ಅನ್ನ ತಿನ್ನಬೇಕು. ಬೇರೆ ದಾರಿ ಕಾಣದೆ ಅವಳು ಚೀಲದಿಂದ ಒಂದು ಖಾಲಿ ಹಾಳೆ ತೆಗೆದಳು. "ಸರಿ ಅತ್ತೆ. ಇಲ್ಲಿ ಸಹಿ ಮಾಡಿ" ಅಂದಳು.

ಚೌಡಮ್ಮ ಹಾಳೆ ಇಸಿದುಕೊಂಡಳು, ಸಹಿ ಮಾಡಲಿಲ್ಲ. ಸೊಸೆಯ ಮುಖ ನೋಡಿದಳು.

"ಐದಾರ್ ದಿನದಿಂದ ನಾನು ಕೇಳದೇನೇ ಎರಡನೇ ಸಲ ಕಾಫಿ ಕೊಡ್ತಿದೀಯಾ. ನನ್ನನ್ನ ಎದುರಿಗೆ ಕಂಡ್ರೆ ಬಚ್ಚಲಿಗೆ ಓಡ್ತೀಯಾ. ನನಗೇನ್ ಗೊತ್ತಾಗಲ್ಲ ಅನ್ಕೊಂಡ್ಯಾ?"

"ಅತ್ತೆ..."

"ಬರೆದ್ ಕೊಟ್ಟಾಯ್ತು ಅಲ್ವಾ?"

ಸುಗುಣ ತಲೆ ತಗ್ಗಿಸಿ ಹೂಂ ಅಂದಳು. ಬೈಗುಳ ಬೀಳುತ್ತದೆ ಅಂತ ಕಾದಳು. ಬೈದಿದ್ದರೆ ಎಷ್ಟೋ ವಾಸಿ ಅನಿಸುತ್ತಿತ್ತು.

"ನೀನು ಮಾಡಿದ್ದು ತಪ್ಪಲ್ಲ. ನಿನ್ನೆ ಕಣ್ಣಾರೆ ನೋಡಿದೆ ನಾನು, ತಪ್ಪು ಅಂತ ಹೆಂಗ್ ಹೇಳ್ಲಿ?" ಅಂದಳು ಚೌಡಮ್ಮ. ಧ್ವನಿಯಲ್ಲಿ ಸಿಟ್ಟು ಇತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. "ಆದ್ರೆ ನನ್ನನ್ನ ಕೇಳ್ಬೇಕಿತ್ತು. ಕೇಳಿದ್ರೆ ಇಲ್ಲ ಅಂತಿದ್ದೆ, ಕೂಗಾಡ್ತಿದ್ದೆ, ಎರಡು ದಿನ ಊಟ ಬಿಡ್ತಿದ್ದೆ. ಆಮೇಲೆ ಇಲ್ಲಿಗ್ ಬಂದು ನೋಡಿ ಹೂಂ ಅಂತಿದ್ದೆ. ಕೊಡೋ ಕೈ ನಂದಾಗಿರ್ತಿತ್ತು. ಇನ್ನ ಎಷ್ಟ್ ಜನ ಅವರೆ ಆ ಪಟ್ಟೀಲಿ?"

"ಆರುನೂರಾ ಹನ್ನೊಂದು ಮನೆ."

"ಎಲ್ರೂ ನನ್ನಂಗೇ ಪಾಯಸ ಹಂಚಿರ್ತಾರೆ. ಅವ್ರನ್ನಾದ್ರೂ ಹೊಡೆದು ಹಾಕೋಕ್ ಮುಂಚ್ಲೇ ಕೇಳು, ಹೋಗು."

ಆಮೇಲೆ ಚೌಡಮ್ಮ ಆ ಖಾಲಿ ಹಾಳೆಯ ಕೆಳಗೆ, ತೊಡೆಯ ಮೇಲಿಟ್ಟುಕೊಂಡು, ದೊಡ್ಡದಾಗಿ ಸಹಿ ಮಾಡಿ ಕೊಟ್ಟಳು. ಮೇಲೆ ಏನು ಬರೆಯಬೇಕೋ ನೀನೇ ಬರೆದುಕೋ ಅಂದಳು.

ಬುಧವಾರ ಸುಗುಣ ಕಡತ ವಾಪಸ್ಸು ಕೇಳಿದಳು. ಪಟ್ವೇಗಾರ್ ಸಾಹೇಬರಿಗೆ ಗಾಬರಿಯಾಯಿತು. "ಕೇಳಿದ್ರೆ ಜನ ಇಲ್ಲ ಅಂದ್ಬಿಟ್ರೆ ಏನಮ್ಮ ಗತಿ? ಆ ನೂರಾ ಹನ್ನೆರಡು ಬಯಲು?"

"ನಿಮ್ಮಷ್ಟೇ ಭಯ ನನಗೂ ಇದೆ ಸಾರ್" ಅಂದಳು. "ಒಂದೊಂದು ಮನೆಯವರನ್ನೂ ಕರ್ಕೊಂಡು ಬಂದು ತೋರಿಸೋಣ. ಮೂರು ತಿಂಗಳು ಸಮಯ ಕೊಡಿಸಿ. ಅಷ್ಟರಲ್ಲಿ ಇನ್ನೊಂದೆರಡು ಖಾನೆ ಸೀಳಿದ್ರೂ ಹಾಸಿದ್ರೆ ಕೂಡ್ಕೊಳ್ಳುತ್ತೆ, ನೋಡಿದ್ವಲ್ಲ."

ಸಾಹೇಬರು ಕನ್ನಡಕ ಏರಿಸಿಕೊಂಡರು. ಆಮೇಲೆ ಮೇಲಿನವರಿಗೆ ಪತ್ರ ಬರೆಯಲು ಹಾಳೆ ಎಳೆದುಕೊಂಡರು.

ಪಟ್ಟಿಯ ಮೊದಲನೇ ಹೆಸರು ಮಲಿಯಪ್ಪ, ಆರನೇ ಬ್ಲಾಕು, ಇಪ್ಪತ್ತಮೂರನೇ ಅಂತಸ್ತು. ಸಂಜೆ ಸುಗುಣ ಆ ಬಾಗಿಲು ತಟ್ಟಿದಳು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದಳು. ಬನಿಯನ್ನು ಹಾಕಿಕೊಂಡ ಅರವತ್ತರ ಗಂಡಸು ಬಾಗಿಲು ತೆರೆದು, ಅವಳ ಕೊರಳಿನ ಕಚೇರಿ ಬಿಲ್ಲೆ ನೋಡಿದ. ಅವನ ಮುಖ ಅರಳಿಬಿಟ್ಟಿತು.

"ಏ ಇವಳೇ, ಬೇಗ ಬಾರೇ! ಬಯಲಿನ ಆಫೀಸಿನೋರು ಬಂದವ್ರೆ! ನಮ್ ನೆಲಮನೆ ವಿಚಾರ ಇರ್ಬೇಕು!"

ಒಳಗಿನಿಂದ ಹೆಂಗಸೊಬ್ಬಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಬಂದವಳೇ ಚಾಪೆ ಹಾಸಿದಳು, ಕೂರಿ ಕೂರಿ ಅಂದಳು, ನೀರು ತರಲು ಓಡಿದಳು. ಸುಗುಣ ಗಟ್ಟಿಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತು ಅವಳ ಬಾಯನ್ನೇ ನೋಡಿದರು.

"ಮನೆ ಸಿಕ್ಕಿತಾ ತಾಯಿ, ಖಾತ್ರಿ ಆಯ್ತಾ?" ಅಂದ ಮಲಿಯಪ್ಪ.

"ಇನ್ನೂ ಇಲ್ಲಣ್ಣ" ಅಂದಳು ಸುಗುಣ. "ಅದನ್ನ ನಿಮ್ಮನ್ನ ಕೇಳೋಕೇ ಬಂದೆ."